ಲೇಥಿನ ಮುಂದೆ ನಿಂತವನ ಸಿಟ್ಟು

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಿನಿಮಾ ಬಂತು: ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’. ನಿರ್ದೇಶಕ ಕಾರೆಲ್ ರೈಸ್. ಆಲ್ಬರ್ಟ್ ಫಿನ್ನಿ ಮಾಡಿದ ಆರ್ಥರ್ ಸೀಟನ್ ನಾಟಿಂಗ್‌ಹ್ಯಾಮಿನ ಸೈಕಲ್ ಕಾರ್ಖಾನೆಯಲ್ಲಿ ಲೇಥ್ ನಡೆಸುವ ಹುಡುಗ. ಎಷ್ಟು ಬಿಡಿಭಾಗ ಕಡೆದನೋ ಅಷ್ಟಕ್ಕೇ ಪಗಾರ. ವಾರವೆಲ್ಲ ಯಂತ್ರಕ್ಕೆ, ಶನಿವಾರ ರಾತ್ರಿ ಮಾತ್ರ ತನಗೆ. ಮೇಸ್ತ್ರಿಯ ಮೇಲೆ ಸಿಟ್ಟು, ಓಣಿಯ ಚಾಡಿಕೋರರ ಮೇಲೆ ಸಿಟ್ಟು, ದುಡಿದು ದುಡಿದು ಟಿ.ವಿ. ಮುಂದೆ ಸುಮ್ಮನೆ ಕುಂತ ಅಪ್ಪನ ಮೇಲೂ ಒಳಗೊಳಗೇ ಸಿಟ್ಟು.

ಕತೆ ಬರೆದ ಅಲನ್ ಸಿಲಿಟೋ ಹದಿನಾಲ್ಕು ವರ್ಷಕ್ಕೇ ಶಾಲೆ ಬಿಟ್ಟು ಅದೇ ಊರಿನ ರಾಲೀ ಸೈಕಲ್ ಕಾರ್ಖಾನೆಗೆ ಸೇರಿದವನು. 1958ರ ಕಾದಂಬರಿಯೂ ಅವನದೇ, ಚಿತ್ರಕಥೆಯೂ ಅವನದೇ. ಹಂಗಾಗಿ ಆ ಸಿನಿಮಾದಲ್ಲಿ ಕೈಗೆ ಹತ್ತಿದ ಎಣ್ಣೆ ಸುಳ್ಳಲ್ಲ.

ಲೇಥ್ ನಮಗೆ ದೂರದ ಮಾತೇನಲ್ಲ. ರಾಣೆಬೆನ್ನೂರು ತಾಲ್ಲೂಕಿನಿಂದ ತುಂಗಭದ್ರೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್‌ಗಳನ್ನೇ ತಯಾರಿಸುತ್ತಿತ್ತು. ಹೊಳೆಯ ಈಚೆ ದಂಡೆಗೆ, ಕುಮಾರಪಟ್ಟಣದಲ್ಲಿ, 1970ರ ದಶಕದಲ್ಲಿ ಪಾಲಿಫೈಬರ್ಸ್ ಎದ್ದಿತು. ಸುತ್ತಲ ಹಳ್ಳಿಯ ಹುಡುಗರು ಬುತ್ತಿ ಕಟ್ಟಿಕೊಂಡು ಪಾಳಿಗೆ ಹೋದರು. ಅವರ ಸಿಟ್ಟು ಯಾವ ಕನ್ನಡ ಸಿನಿಮಾದಲ್ಲಿದೆ?

ಸಿಟ್ಟಿನ ಹುಡುಗ ಅಂದಕೂಡಲೇ ನಮ್ಮ ಜನ ರಾಮಾಚಾರಿಯನ್ನು ನೆನೆಯುತ್ತಾರೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’, 1972. ದುರ್ಗದ ಕೋಟೆ, ಬಂಡೆ, ವಿಷ್ಣುವರ್ಧನ್ ಕಣ್ಣು. ಆಗ ಹರಿಹರವೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಆದರೆ ಆ ಕೋಟೆಯಿಂದ ಹರಿಹರದ ಕಾರ್ಖಾನೆ ಕಾಣಿಸಲಿಲ್ಲ. ರಾಮಾಚಾರಿ ಬ್ರಾಹ್ಮಣರ ಹುಡುಗ. ಜಾತಿ ಅವನ ಪ್ರೀತಿಗೆ ಅಡ್ಡ ಬಂತು, ನಿಜ. ಅವನ ಕೂಲಿಗೆ, ನೀರಿಗೆ, ನಿಲ್ಲುವ ಜಾಗಕ್ಕೆ ಅಡ್ಡ ಬರಲಿಲ್ಲ.

1975ರಲ್ಲಿ ಬಿ. ವಿ. ಕಾರಂತರ ‘ಚೋಮನ ದುಡಿ’ ಬಂತು, ರಾಷ್ಟ್ರದ ಸ್ವರ್ಣಕಮಲ ಪಡೆಯಿತು. ಶಿವರಾಮ ಕಾರಂತರ 1933ರ ಕಾದಂಬರಿ ಅದರ ಮೂಲ. ಎತ್ತಿದ್ದರೂ ಉಳಲು ಹೊಲ ಸಿಗದ ಚೋಮ, ವಾಸುದೇವರಾಯರ ಮುಖ, ಆ ದುಡಿಯ ಬಡಿತ, ಇವೆಲ್ಲ ಮರೆಯುವಂಥವಲ್ಲ. ಆದರೂ ನಮ್ಮ ಕಣ್ಣು ಮಗ ಗುರುವನ ಮೇಲೆ ನಿಲ್ಲುತ್ತದೆ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದವನು ಅಲ್ಲೇ ಒಬ್ಬ ಕ್ರೈಸ್ತ ಹುಡುಗಿಯನ್ನು ಕೂಡಿಕೊಂಡ, ಮತವನ್ನೂ ಬದಲಿಸಿದ, ತಿರುಗಿ ಬರಲಿಲ್ಲ. ಧಣಿಯ ಸಾಲಕ್ಕೂ ಜಾತಿಗೂ ಒಮ್ಮೆಲೇ ಬೆನ್ನು ಹಾಕಿದ ಹುಡುಗ ಅವನು! ಆರ್ಥರನಿಗೆ ನಮ್ಮಲ್ಲಿ ಒಬ್ಬ ಜೊತೆಗಾರ ಇದ್ದರೆ ಅವನೇ. ಕತೆ ಮಾತ್ರ ಅವನ ಹಿಂದೆ ಹೋಗುವುದಿಲ್ಲ, ಚೋಮನ ಗುಡಿಸಲಿಗೇ ಮರಳುತ್ತದೆ. ಅಲ್ಲಿ ಗುರುವ ಅಪ್ಪನಿಗಾದ ಒಂದು ನಷ್ಟ, ಅಷ್ಟೇ. ಸಾಯುವ ಮುದುಕನಿಗೆ ಮರುಗುವುದು ಸುಲಭ. ಹೊರಟುಹೋದ ಹುಡುಗನ ಮಾತು ಕೇಳುವುದು ಯಾರಿಗೆ ಬೇಕಾಗಿತ್ತು?

ಹಾಗಂತ ಆರ್ಥರನನ್ನು ತಲೆ ಮೇಲೆ ಹೊರುವುದೂ ಬೇಡ. ಜೊತೆಯಲ್ಲೇ ದುಡಿಯುವ ಜ್ಯಾಕ್‌ನ ಹೆಂಡತಿ ಬ್ರೆಂಡಾ ಇವನಿಂದ ಬಸಿರಾಗುತ್ತಾಳೆ. ಕಾದಂಬರಿಯಲ್ಲಿ ಆಕೆ ಗರ್ಭ ತೆಗೆಸುತ್ತಾಳೆ; ಸೆನ್ಸಾರಿನವರು ಒಪ್ಪದೆ ಸಿನಿಮಾದಲ್ಲಿ ಆ ಪ್ರಯತ್ನ ಫಲಿಸದಂತೆ ತಿದ್ದಲಾಯಿತು. ಇತ್ತ ಚೋಮನ ಮಗಳು ಬೆಳ್ಳಿ ತೋಟದ ಸಾಲಕ್ಕೆ ತನ್ನ ಮೈಯನ್ನೇ ತೆರುತ್ತಾಳೆ. ಗಂಡಸಿನ ಸಿಟ್ಟಾಗಲಿ ಸಾಲವಾಗಲಿ, ತೀರಿಸಿದವರು ಹೆಂಗಸರು.

ಇನ್ನೊಂದು ಮಾತು. ಆರ್ಥರ್ ಪಾಳಿ ಮುಗಿಸಿ ತನ್ನಂಥವರದೇ ಓಣಿಗೆ ಬರುತ್ತಾನೆ. ಹೆಂಡದಂಗಡಿಯಲ್ಲಿ ಅವನಿಗೆ ಬೇರೆ ಲೋಟ ಇಟ್ಟಿರುವುದಿಲ್ಲ. ನಮ್ಮ ಹುಡುಗ ಯಂತ್ರದ ಮುಂದೆ ಕಾರ್ಮಿಕ, ಊರ ಚಾದಂಗಡಿಯಲ್ಲಿ ಕೇರಿಯವ. ಈ ಎರಡು ಸಿಟ್ಟು ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಅನ್ನುವುದನ್ನು ನಾಟಿಂಗ್‌ಹ್ಯಾಮ್ ನಮಗೆ ಹೇಳಿಕೊಡಲಾರದು.

ಸಿನಿಮಾದ ಕೊನೆಗೆ ಆರ್ಥರ್, ತಾನೂ ಡೊರೀನಳೂ ಮುಂದೆ ಬಾಳಬಹುದಾದ ಹೊಸ ಮನೆಗಳತ್ತ ಒಂದು ಕಲ್ಲು ಬೀಸುತ್ತಾನೆ. ನಾಟಿಂಗ್‌ಹ್ಯಾಮಿನ ರಾಲೀ ಕಾರ್ಖಾನೆಯಲ್ಲಿ 2002ರಲ್ಲಿ ಸೈಕಲ್ ತಯಾರಿಕೆ ನಿಂತಿತು. ಹರಿಹರದ ಲೇಥ್ ಕಾರ್ಖಾನೆಯೂ ಮುಚ್ಚಿದೆ. ಅಲ್ಲಿ ದುಡಿದವರು ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಹಳ್ಳಿಶಾಲೆಯ ಮೇಷ್ಟ್ರುಗಳು, ಕಾಲೇಜು ಹುಡುಗರು ಒಂದು ನೋಟ್‌ಬುಕ್ ಹಿಡಿದು ಅವರ ಕಟ್ಟೆಗೆ ಹೋಗಿ ಕೂತರೆ ನಾವೂ ಜೊತೆಗೆ ಬರುತ್ತೇವೆ.