ನಾರ್ಮನ್ ಮಿಚೆಲ್-ಇನ್ನೆಸ್

ನಾರ್ಮನ್ ಸ್ಟುವರ್ಟ್ ಮಿಚೆಲ್-ಇನ್ನೆಸ್ (1914–2006): ಇಂಗ್ಲೆಂಡಿನ ಹವ್ಯಾಸಿ ಕ್ರಿಕೆಟಿಗ, ಸುಡಾನ್ ಆಡಳಿತ ಸೇವೆಯ ಅಧಿಕಾರಿ. ಹುಟ್ಟಿದ್ದು 1914ರ ಸೆಪ್ಟೆಂಬರ್ 7ರಂದು, ಕಲ್ಕತ್ತೆಯಲ್ಲಿ. ಓದಿದ್ದು ಉತ್ತರ ಇಂಗ್ಲೆಂಡಿನ ಸೆಡ್‌ಬರ್ಗ್ ಶಾಲೆಯಲ್ಲಿ, ಆಮೇಲೆ ಆಕ್ಸ್‌ಫರ್ಡಿನಲ್ಲಿ. ಶಾಲೆಯಲ್ಲಿದ್ದಾಗಲೇ, 1931ರಲ್ಲಿ, ಹದಿನಾರರ ವಯಸ್ಸಿಗೆ ಸಾಮರ್ಸೆಟ್ ಕೌಂಟಿಯ ಪರ ಕಣಕ್ಕಿಳಿದರು.

ಆಗಿನ ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಆಟಗಾರರದು ಎರಡು ವರ್ಗ. ಸಂಬಳ ಪಡೆಯುವವರು ವೃತ್ತಿಪರರು; ಪಡೆಯದವರು ಹವ್ಯಾಸಿಗಳು. ತಂಡದ ನಾಯಕತ್ವ ಬಹುಮಟ್ಟಿಗೆ ಹವ್ಯಾಸಿಗಳಿಗೇ ಮೀಸಲು. ಈ ಭೇದ ಅಳಿದದ್ದು 1962ರಲ್ಲಿ. ಮನೆತನದ ಹಣವಿಲ್ಲದ ಹವ್ಯಾಸಿ ಹೊಟ್ಟೆಪಾಡಿಗೆ ಬೇರೆ ದಾರಿ ನೋಡಿಕೊಳ್ಳಲೇಬೇಕಿತ್ತು. ಮಿಚೆಲ್-ಇನ್ನೆಸ್ ಅವರ ಆಟದ ಬದುಕನ್ನು ಈ ಕಟ್ಟುಪಾಡಿನ ಹಿನ್ನೆಲೆಯಿಲ್ಲದೆ ಅರ್ಥಮಾಡಿಕೊಳ್ಳಲಾಗದು.

1934ರಿಂದ 1937ರವರೆಗೆ ನಾಲ್ಕು ವರ್ಷ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪರ ಆಡಿದರು. 1936ರಲ್ಲಿ ನಾಯಕರಾಗಿದ್ದರು. ಮಧ್ಯಮ ವೇಗದ ಬೌಲಿಂಗೂ ಬರುತ್ತಿತ್ತು, ಆದರೆ ಹೆಸರು ತಂದದ್ದು ಬ್ಯಾಟು. 1935ರಲ್ಲಿ ಪ್ರವಾಸಿ ದಕ್ಷಿಣ ಆಫ್ರಿಕಾ ತಂಡದ ಎದುರು ಹೊಡೆದ 168 ರನ್‌ಗಳು ಆಯ್ಕೆಗಾರರ ಕಣ್ಣಿಗೆ ಬಿದ್ದವು. ಅದೇ ಜೂನ್‌ನಲ್ಲಿ, ಅದೇ ತಂಡದ ಎದುರು ಟ್ರೆಂಟ್‌ಬ್ರಿಜ್‌ನಲ್ಲಿ ನಡೆದ ಟೆಸ್ಟ್ ಪಂದ್ಯಕ್ಕೆ ಅವರನ್ನು ಆರಿಸಲಾಯಿತು. ಆಗ ಅವರಿಗೆ ಇಪ್ಪತ್ತು ವರ್ಷ, ಇನ್ನೂ ವಿದ್ಯಾರ್ಥಿ. ಗಳಿಸಿದ್ದು 5 ರನ್; ಮಳೆಯಿಂದಾಗಿ ಪಂದ್ಯ ಡ್ರಾ ಆಯಿತು.

ಲಾರ್ಡ್ಸ್‌ನ ಎರಡನೆಯ ಟೆಸ್ಟ್‌ಗೂ ಅವರ ಹೆಸರಿತ್ತು. ಆದರೆ ಬೇಸಿಗೆ ಬಂತೆಂದರೆ ಪರಾಗದ ಅಲರ್ಜಿ, ಅಂದರೆ ಹೇ ಫೀವರ್, ಅವರನ್ನು ಕಾಡುತ್ತಿತ್ತು. ಚೆಂಡು ಕೈಗೆ ಬರುವ ಹೊತ್ತಿಗೇ ಸೀನು ಬಂದರೆ ತಂಡಕ್ಕೆ ನಷ್ಟವಾದೀತೆಂದು ಆಯ್ಕೆ ಸಮಿತಿಯ ಪೆಲ್ಹಾಮ್ ವಾರ್ನರ್ ಅವರಿಗೆ ತಿಳಿಸಿ ತಾವಾಗಿಯೇ ಹಿಂದೆ ಸರಿದರು. ಅವರ ಜಾಗಕ್ಕೆ ಎರೋಲ್ ಹೋಮ್ಸ್ ಬಂದರು. ಆ ಪಂದ್ಯವನ್ನು ದಕ್ಷಿಣ ಆಫ್ರಿಕಾ 157 ರನ್‌ಗಳಿಂದ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ಅದು ಆ ದೇಶದ ಮೊದಲ ಟೆಸ್ಟ್ ಗೆಲುವು. ಮಿಚೆಲ್-ಇನ್ನೆಸ್ ಅವರಿಗೆ ಮತ್ತೆ ಟೆಸ್ಟ್ ಕರೆ ಬರಲಿಲ್ಲ. ಇಪ್ಪತ್ತರ ಹುಡುಗ ಸಿಕ್ಕ ಅವಕಾಶವನ್ನು ತಂಡದ ಹಿತಕ್ಕಾಗಿ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. ಆ ಚಳಿಗಾಲದಲ್ಲಿ ಅವರು ಹೋಮ್ಸ್ ನಾಯಕತ್ವದ ಎಂಸಿಸಿ (ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್) ತಂಡದೊಂದಿಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಮಾಡಿದರು.

1937ರಲ್ಲಿ ಸುಡಾನ್ ರಾಜಕೀಯ ಸೇವೆಗೆ, ಅಂದರೆ ಅಲ್ಲಿನ ಆಡಳಿತ ಸೇವೆಗೆ, ಸೇರಿದರು. ಹೆಸರಿಗೆ ಸುಡಾನ್ ಬ್ರಿಟನ್ ಮತ್ತು ಈಜಿಪ್ಟ್‌ಗಳ ಜಂಟಿ ಆಳ್ವಿಕೆಯಲ್ಲಿದ್ದರೂ ಅಧಿಕಾರ ಬ್ರಿಟಿಷರ ಕೈಯಲ್ಲಿತ್ತು. ಕೆಲವೇ ಅಧಿಕಾರಿಗಳು ವಿಶಾಲ ಜಿಲ್ಲೆಗಳನ್ನು ನೋಡಿಕೊಳ್ಳುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಕ್ರೀಡಾಪಟುಗಳೆಂದರೆ ಈ ಸೇವೆಗೆ ಅಚ್ಚುಮೆಚ್ಚು. ಆಳಿಸಿಕೊಳ್ಳುವ ಜನರಿಗೆ ಈ ಆಯ್ಕೆಯಲ್ಲಿ ಯಾವ ಮಾತೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಅಲ್ಲಿಂದಾಚೆಗೆ ಅವರ ಕ್ರಿಕೆಟ್ ರಜೆಯ ಕ್ರಿಕೆಟ್ಟಾಯಿತು. ಊರಿಗೆ ಬಂದ ಬೇಸಿಗೆಗಳಲ್ಲಿ ಮಾತ್ರ ಸಾಮರ್ಸೆಟ್‌ಗೆ ಆಡಿದರು. 1948ರಲ್ಲಿ ಇಡೀ ಋತುವಿಗೆ ಸಿಗುವ ಹವ್ಯಾಸಿ ನಾಯಕನಿಲ್ಲದೆ ಆ ಕೌಂಟಿ ಮೂವರ ನಡುವೆ ಹೊಣೆ ಹಂಚಿತು: ಮಿಚೆಲ್-ಇನ್ನೆಸ್, ಸುಡಾನ್ ಸೇವೆಯವರೇ ಆದ ಜೇಕ್ ಸೀಮರ್, ಮತ್ತು ಜಾರ್ಜ್ ವುಡ್‌ಹೌಸ್. ಮರುವರ್ಷ ಮಿಚೆಲ್-ಇನ್ನೆಸ್ ಕೌಂಟಿ ಆಟ ನಿಲ್ಲಿಸಿದರು. ಪ್ರಥಮ ದರ್ಜೆಯಲ್ಲಿ ಸುಮಾರು 7,000 ರನ್, 13 ಶತಕ ಅವರ ಗಳಿಕೆ. ಒಂದೇ ಟೆಸ್ಟ್‌ನ 5 ರನ್ನಿಂದ ಅವರನ್ನು ಅಳೆಯುವುದು ಅನ್ಯಾಯ.

ಸುಡಾನ್ ಸ್ವಾತಂತ್ರ್ಯದತ್ತ ಸಾಗುತ್ತಿದ್ದಂತೆ, 1954ರಲ್ಲಿ ಸೇವೆ ಬಿಟ್ಟು ಮರಳಿದರು. ಮುಂದೆ ಸಂಡರ್‌ಲೆಂಡಿನ ವಾಕ್ಸ್ ಬಿಯರ್ ತಯಾರಿಕಾ ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದರು. 2001ರಲ್ಲಿ ಆಲ್ಫ್ ಗೋವರ್ ತೀರಿಕೊಂಡ ಮೇಲೆ, ಬದುಕಿದ್ದ ಇಂಗ್ಲೆಂಡ್ ಟೆಸ್ಟ್ ಆಟಗಾರರಲ್ಲಿ ಇವರೇ ಹಿರಿಯರು. 2006ರ ಡಿಸೆಂಬರ್ 28ರಂದು, 92ನೆಯ ವಯಸ್ಸಿನಲ್ಲಿ ನಿಧನರಾದರು.