ಓಟಿಪಿ ಹೇಳದಿದ್ದರೆ ಬ್ಯಾಂಕ್ ಹಣ ಸೇಫ್ ಅಂತೆ, ನಿಜವೇ?

‘ಓಟಿಪಿ ಯಾರಿಗೂ ಹೇಳಬೇಡಿ, ಆಗ ಹಣಕ್ಕೆ ಅಪಾಯವಿಲ್ಲ’ ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ.

ಬೆರಳಚ್ಚು ಹೇಗೆ ಕೆಲಸ ಮಾಡುತ್ತದೆ?
ಬೆರಳಿನ ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂದು ಸ್ಕ್ಯಾನರ್ ಗುರುತಿಸುತ್ತದೆ. ಅದನ್ನು ಮೊದಲೇ ಉಳಿಸಿಟ್ಟ ಮಾದರಿಯ ಜೊತೆ ಹೋಲಿಸಲಾಗುತ್ತದೆ. ಫೋನ್ ಅನ್‌ಲಾಕ್ ಮಾಡುವಾಗ ಈ ಹೋಲಿಕೆ ಫೋನ್‌ನೊಳಗೇ ನಡೆಯುತ್ತದೆ, ಹಾಗಾಗಿ ಕಳ್ಳನಿಗೆ ನಿಮ್ಮ ಫೋನೂ ಬೇಕು. ಆಧಾರ್‌ನಲ್ಲಿ ಹೋಲಿಕೆ ನಡೆಯುವುದು ಯುಐಡಿಎಐ ಸರ್ವರ್‌ನಲ್ಲಿ. ಅಲ್ಲಿ ನಿಮ್ಮ ಫೋನ್ ಬೇಕಿಲ್ಲ.

ಅಪಾಯ ಎಲ್ಲಿದೆ?
ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕ್ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕು. ಓಟಿಪಿ ಬರುವುದಿಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಹಣ ದೋಚಿದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲೇ ಬಯಲಾದವು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಏನು ಮಾಡಬೇಕು?
• ಮೈಆಧಾರ್ ವೆಬ್‌ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಮನೆಯ ಹಿರಿಯರದನ್ನೂ ಮಾಡಿಕೊಡಿ.
• ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಕಾದಾಗ ಅನ್‌ಲಾಕ್ ಮಾಡಿಕೊಳ್ಳಿ.
• ನೀವು ತೆಗೆಯದ ಹಣ ಹೋಗಿದ್ದರೆ ಕೂಡಲೇ ಬ್ಯಾಂಕ್‌ಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಓಟಿಪಿಯನ್ನು ಗುಟ್ಟಾಗಿಡಿ, ಬೆರಳಚ್ಚಿಗೂ ಬೀಗ ಹಾಕಿ.