ಮೊಬೈಲ್ ಆ್ಯಪ್‌ಗಳಲ್ಲಿ ಅಡಗಿದ ಘಟಕಗಳ ನಿರ್ವಹಣೆ

ಆ್ಯಪ್‌ನ ಪರದೆಯ ಮೇಲಿನ ಬಟನ್, ಪಠ್ಯ, ಚಿತ್ರ ಮುಂತಾದ ಘಟಕಗಳನ್ನು ಸಂದರ್ಭ ನೋಡಿ ಮರೆಮಾಡುವುದು, ಬೇಕಾದಾಗ ಮತ್ತೆ ತೋರಿಸುವುದು ಮೊಬೈಲ್ ತಂತ್ರಾಂಶ ರಚನೆಯ ಮೂಲಭೂತ ಕೆಲಸಗಳಲ್ಲೊಂದು. ಘಟಕವೊಂದನ್ನು ಅಡಗಿಸುವಾಗ ನಾಲ್ಕು ಸಂಗತಿಗಳು ತೀರ್ಮಾನವಾಗಬೇಕು: ಅದು ಕಣ್ಣಿಗೆ ಕಾಣಬೇಕೇ, ಪರದೆಯಲ್ಲಿ ಜಾಗ ಹಿಡಿದಿರಬೇಕೇ, ಬೆರಳಿನ ಸ್ಪರ್ಶಕ್ಕೆ ಓಗೊಡಬೇಕೇ, ಪರದೆಯನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಓದಬೇಕೇ. ಈ ನಾಲ್ಕನ್ನೂ ಬೇರೆ ಬೇರೆಯಾಗಿ ನಿಭಾಯಿಸುವ ವ್ಯವಸ್ಥೆಗಳು ಹಂತಹಂತವಾಗಿ ರೂಪುಗೊಂಡವು.

ಮೊದಲ ಎರಡರ ವ್ಯತ್ಯಾಸ ಮೊಬೈಲ್‌ಗಿಂತ ಮುಂಚೆಯೇ ವೆಬ್‌ನಲ್ಲಿ ಸ್ಪಷ್ಟವಾಗಿತ್ತು. ವೆಬ್ ಪುಟಗಳ ವಿನ್ಯಾಸ ಭಾಷೆಯಾದ ಸಿಎಸ್ಎಸ್‌ನ 1996ರ ಮೊದಲ ಆವೃತ್ತಿಯ ‘ಡಿಸ್‌ಪ್ಲೇ ನನ್’ ಘಟಕವನ್ನು ಜಾಗದ ಸಮೇತ ತೆಗೆದುಹಾಕುತ್ತಿತ್ತು. 1998ರ ಎರಡನೆಯ ಆವೃತ್ತಿಯ ‘ವಿಸಿಬಿಲಿಟಿ ಹಿಡನ್’ ಜಾಗ ಉಳಿಸಿ ಘಟಕವನ್ನಷ್ಟೇ ಮರೆಮಾಡಿತು. 2008ರಲ್ಲಿ ಬಂದ ಆ್ಯಂಡ್ರಾಯ್ಡ್ ಆರಂಭದಿಂದಲೇ ಮೂರು ಸ್ಥಿತಿಗಳನ್ನು ಒದಗಿಸಿತು. ‘ವಿಸಿಬಲ್’ ಎಂದರೆ ಕಾಣುವುದು, ‘ಇನ್‌ವಿಸಿಬಲ್’ ಎಂದರೆ ಕಾಣದಿದ್ದರೂ ಜಾಗ ಕಾಯ್ದಿರಿಸುವುದು, ‘ಗಾನ್’ ಎಂದರೆ ಜಾಗವನ್ನೂ ಬಿಟ್ಟುಕೊಡುವುದು.

ಐಫೋನ್‌ನಲ್ಲಿ ಹಾದಿ ಬೇರೆಯಾಯಿತು. ಅಲ್ಲಿ ಪ್ರತಿ ಘಟಕಕ್ಕೂ ‘ಹಿಡನ್’ ಎಂಬ ಒಂದೇ ಗುಣವಿತ್ತು. 2012ರಲ್ಲಿ ಐಓಎಸ್ 6ರೊಂದಿಗೆ ಘಟಕಗಳ ಅಳತೆ, ಸ್ಥಾನವನ್ನು ಲೆಕ್ಕ ಹಾಕುವ ಆಟೋ ಲೇಔಟ್ ಬಂದ ಮೇಲೂ ಅಡಗಿದ ಘಟಕ ಅಳತೆಯ ಲೆಕ್ಕದಲ್ಲಿ ಉಳಿಯುತ್ತಿದ್ದುದರಿಂದ ಪರದೆಯಲ್ಲಿ ಖಾಲಿ ಜಾಗ ಬೀಳುತ್ತಿತ್ತು. ಅದನ್ನು ಮುಚ್ಚಲು ಡೆವಲಪರ್‌ಗಳು ಘಟಕದ ಎತ್ತರವನ್ನು ಸೊನ್ನೆಗೆ ಇಳಿಸಬೇಕಾಗುತ್ತಿತ್ತು. 2015ರಲ್ಲಿ ಐಓಎಸ್ 9 ತಂದ, ಘಟಕಗಳನ್ನು ಸಾಲಾಗಿ ಜೋಡಿಸುವ ಸ್ಟ್ಯಾಕ್ ವ್ಯೂ, ಅಡಗಿದ ಘಟಕದ ಜಾಗವನ್ನು ತಾನೇ ಮುಚ್ಚಿ ಈ ತೊಡಕನ್ನು ನಿವಾರಿಸಿತು.

ಪಾರದರ್ಶಕಗೊಳಿಸುವುದು ಅಡಗಿಸುವುದಕ್ಕೆ ಸಮನಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಅಪಾರದರ್ಶಕತೆಯನ್ನು ಸೊನ್ನೆಗೆ ಇಳಿಸಿದ ಬಟನ್ ಕಾಣದಿದ್ದರೂ ಒತ್ತಿದರೆ ಕೆಲಸ ಮಾಡುತ್ತದೆ. ಐಓಎಸ್‌ನಲ್ಲಿ ಆ ಮೌಲ್ಯ 0.01ಕ್ಕಿಂತ ಕಡಿಮೆಯಾದರೆ ಸ್ಪರ್ಶ ತಲುಪುವುದಿಲ್ಲ. ಹೀಗಾಗಿ ಆ್ಯಂಡ್ರಾಯ್ಡ್‌ನಲ್ಲಿ ನಿಧಾನವಾಗಿ ಮಸುಕಾಗಿ ಮರೆಯಾಗುವ ಅನಿಮೇಷನ್ ಮುಗಿದೊಡನೆ ಘಟಕವನ್ನು ‘ಗಾನ್’ ಸ್ಥಿತಿಗೆ ತರುವುದು ರೂಢಿ. ಉದ್ದನೆಯ ಪಟ್ಟಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಒಂದೇ ಸಾಲನ್ನು ಬೇರೆ ಬೇರೆ ಮಾಹಿತಿಗೆ ಮರುಬಳಸುವುದರಿಂದ, ಅಡಗಿಸುವ ಆದೇಶವಿದ್ದು ತೋರಿಸುವ ಆದೇಶ ಇಲ್ಲದಿದ್ದರೆ ಹಿಂದಿನ ಸಾಲಿನ ಸ್ಥಿತಿ ಮುಂದಿನದಕ್ಕೂ ಅಂಟಿಕೊಳ್ಳುತ್ತದೆ.

2009ರಲ್ಲಿ ಐಫೋನ್ 3ಜಿಎಸ್‌ಗೆ ವಾಯ್ಸ್‌ಓವರ್, ಆ್ಯಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್‌ಗಳು ಬಂದ ಮೇಲೆ ಅಂಧ ಬಳಕೆದಾರರ ಅಗತ್ಯವೂ ಲೆಕ್ಕಕ್ಕೆ ಸೇರಿತು. ಮೇಲೆ ತೆರೆದ ಕಿಟಕಿಯ ಹಿಂದೆ ಮುಚ್ಚಿಹೋದ ಬಟನ್‌ಗಳನ್ನು ಸ್ಕ್ರೀನ್ ರೀಡರ್ ಓದುತ್ತ ಹೋದರೆ ಕೇಳುವವರಿಗೆ ದಿಕ್ಕು ತಪ್ಪುತ್ತದೆ. 2011ರ ಐಓಎಸ್ 5, 2012ರ ಆ್ಯಂಡ್ರಾಯ್ಡ್ 4.1 ಅಂಥ ಘಟಕಗಳನ್ನು ಓದುವಿಕೆಯಿಂದ ಹೊರಗಿಡುವ ಸೌಲಭ್ಯ ಕೊಟ್ಟವು.

ಅಡಗಿಸುವಿಕೆ ದುರುಪಯೋಗವೂ ಆಯಿತು. ಬೇರೊಂದು ಆ್ಯಪ್ ಪರದೆಯ ಮೇಲೆ ಹೊದಿಕೆ ಹಾಸಿ, ಕೆಳಗೆ ಮರೆಯಾದ ಅನುಮತಿ ಬಟನ್ ಒತ್ತಿಸುವ ವಂಚನೆಗೆ ಟ್ಯಾಪ್‌ಜ್ಯಾಕಿಂಗ್ ಎನ್ನುತ್ತಾರೆ. 2010ರ ಆ್ಯಂಡ್ರಾಯ್ಡ್ 2.3, ಮುಚ್ಚಿದ ಘಟಕದ ಮೇಲಿನ ಸ್ಪರ್ಶವನ್ನು ತಿರಸ್ಕರಿಸುವ ಆಯ್ಕೆಯನ್ನು ಡೆವಲಪರ್‌ಗಳಿಗೆ ಕೊಟ್ಟಿತು. 2021ರ ಆ್ಯಂಡ್ರಾಯ್ಡ್ 12 ಅಂಥ ಅನೇಕ ಹೊದಿಕೆಗಳ ಮೂಲಕ ಹಾಯುವ ಸ್ಪರ್ಶವನ್ನು ತಾನೇ ತಡೆಯಿತು.

2018ರಲ್ಲಿ 1.0 ಆವೃತ್ತಿ ಕಂಡ ಫ್ಲಟರ್, 2019ರ ಸ್ವಿಫ್ಟ್‌ಯುಐ, 2021ರಲ್ಲಿ 1.0 ತಲುಪಿದ ಜೆಟ್‌ಪ್ಯಾಕ್ ಕಂಪೋಸ್ ಎಂಬ ಪರದೆ ರಚನೆಯ ಸಾಧನಗಳು ಕೆಲಸದ ರೀತಿಯನ್ನೇ ಬದಲಿಸಿದವು. ಇವುಗಳಲ್ಲಿ ಘಟಕವನ್ನು ಅಡಗಿಸುವ ಬದಲು, ಷರತ್ತು ಈಡೇರದಿದ್ದಾಗ ಅದನ್ನು ರಚಿಸದೇ ಬಿಡುವುದು ವಾಡಿಕೆ. ಹಾಗೆ ಬಿಟ್ಟಾಗ ಘಟಕದೊಳಗೇ ಇಟ್ಟುಕೊಂಡಿದ್ದ ಮಾಹಿತಿ ಅಳಿಯುವುದರಿಂದ, ಬಳಕೆದಾರರು ಟೈಪ್ ಮಾಡಿದ್ದನ್ನು ಘಟಕದ ಹೊರಗೆ ಉಳಿಸಿಡಬೇಕು. ಯಾವ ವಿಧಾನದಲ್ಲೂ ಅಡಗಿಸುವಿಕೆ ಭದ್ರತೆಗೆ ಪರ್ಯಾಯವಲ್ಲ. ಬಟನ್ ಕಾಣದಿದ್ದರೂ ಅದರ ಹಿಂದಿನ ಕೋರಿಕೆಯನ್ನು ನೇರವಾಗಿ ಕಳುಹಿಸಲು ಸಾಧ್ಯವಿರುವುದರಿಂದ ಅನುಮತಿಯ ಪರಿಶೀಲನೆ ಸರ್ವರ್‌ನಲ್ಲೇ ನಡೆಯಬೇಕು.